ಕಾವಳದಲ್ಲಿ ನಗಾರಿ

ಭೂಮಿಯ ತುತ್ತತುದಿಯಲ್ಲಿ, ಕಡಲೂ ಹೆಪ್ಪುಗಟ್ಟಿ ಕೂರುವ ಕಡೆ, ಅಡವಯ್ಯ ಅನ್ನೋ ಗುರುಗಳ ಆಶ್ರಮವಿತ್ತಂತೆ. ಆ ಕಡಲಿಗೆ ಯಾರೇ ಕೈ ಹಾಕಲಿ, ಗುರುಗಳ ಮುದ್ರೆ ಬಿದ್ದ ಕಟ್ಟಳೆಯಂತೆ ನಡೆಯಬೇಕು.

ಕಡಲ ತಳ ಕೊರೆದು ಎಣ್ಣೆ ತೆಗೀತೀವಿ ಅಂತ ಒಂದು ಕಂಪನಿಯವರು ಬಂದರು. ಕಟ್ಟಳೆ ಬರೆಯೋ ಕೆಲಸ ಶಿಷ್ಯ ನಾಗಲಿಂಗನ ಪಾಲಿಗೆ ಬಂತು.

ಬರೆದು ತಂದು ಓದಿದ. “ತಿಮಿಂಗಿಲ ಕಣ್ಣಿಗೆ ಬಿದ್ದ ಕೂಡಲೇ ಯಂತ್ರ ನಿಲ್ಲಿಸತಕ್ಕದ್ದು.”

“ತಾಯಿ, ಮರಿ ಎರಡೂ ಮಂಜುಗಡ್ಡೆಯ ಅಡಿಯಲ್ಲಿದ್ದರೆ?” ಅಂತ ಗುರುಗಳು ಕೇಳಿದರು.

“ಉಸಿರಿಗೆ ಮೇಲೆ ಬರಲೇಬೇಕಲ್ಲ ಗುರುಗಳೇ. ಆಗ ಕಾಣುತ್ತೆ.”

“ಜಾಣ,” ಅಂದರು ಗುರುಗಳು. ಮುದ್ರೆ ಒತ್ತಲಿಲ್ಲ. ಮೂಲೆಯಲ್ಲಿದ್ದ ನಗಾರಿ ಹೆಗಲಿಗೇರಿಸಿದರು.

ಹೊರಗೆ ದಟ್ಟ ಮಂಜಿನ ಕಾವಳ ಕವಿದಿತ್ತು. ಚಾಚಿದ ಕೈ ಚಾಚಿದವನಿಗೇ ಕಾಣದು. ನಾಗಲಿಂಗನನ್ನು ಹೆಪ್ಪುಗಟ್ಟಿದ ಕಡಲ ಮೇಲೆ ನಿಲ್ಲಿಸಿ, ಗುರುಗಳು ದೂರ ಹೋದರು.

“ನಡುವೆ ಗಡ್ಡೆ ಬಿರಿದಿದೆ ಕಣೋ. ನನ್ನ ದನಿ ಹಿಡಿದು ಬಾ.”

ದನಿ ಹಿಡಿದು ಹತ್ತು ಹೆಜ್ಜೆ ಇಟ್ಟ. ಅಷ್ಟರಲ್ಲಿ ನಗಾರಿ ಶುರುವಾಯಿತು.

ಡಬಡಬ ಸದ್ದು ಎಡಕ್ಕೂ ಬಲಕ್ಕೂ ಒಂದೇ ಸಮ. ಗುರುಗಳು ಯಾವ ಕಡೆ, ಬಿರುಕು ಯಾವ ಕಡೆ, ಒಂದೂ ತಿಳಿಯದು. ಕಾಲಡಿಯಲ್ಲಿ ಗಡ್ಡೆ ನರಳಿತು. ಎಡಗಾಲು ಮೊಣಕಾಲುದ್ದ ನೀರಿಗಿಳಿಯಿತು. “ಗುರುಗಳೇ” ಅಂತ ಕೂಗಿದ. ಕೂಗಿದ್ದು ಅವನಿಗೇ ಕೇಳಿಸಲಿಲ್ಲ.

ಕಾಲು ಎಳೆದುಕೊಂಡು, ಅಂಬೆಗಾಲಲ್ಲಿ, ಗಡ್ಡೆ ತಡವಿ ತಡವಿ ಬಂದ. ಎಷ್ಟು ಹೊತ್ತೋ. ನಗಾರಿ ನಿಂತಾಗ ಗುರುಗಳ ಪಾದ ಅವನ ಮೂಗಿನ ಮುಂದಿತ್ತು.

“ಸತ್ತೇ ಹೋಗ್ತಿದ್ದೆ. ಯಾಕೆ ನಿಲ್ಲಿಸಲಿಲ್ಲ?”

“ನಿಲ್ಲಿಸಿದೆನಲ್ಲಪ್ಪ, ನೀನು ಕಣ್ಣಿಗೆ ಬಿದ್ದ ಕೂಡಲೇ.”

ನಾಗಲಿಂಗನ ಹಲ್ಲು ಕಟಕಟ ಅನ್ನುತ್ತಿತ್ತು.

“ಮರಿಗಳೂ ತಾಯಿಯ ದನಿ ಹಿಡಿದೇ ಬರೋದಾ?”

“ಅಡಿಯಲ್ಲಿ ಬೆಳಕೆಲ್ಲಿದೆ?”

ಒಳಗೆ ಬಂದವನೇ ಬರೆದದ್ದು ಹರಿದು ಒಲೆಗೆ ಹಾಕಿದ. ಹೊಸದು ಬರೆದ. “ಮರಿಗಳಿರುವಷ್ಟು ತಿಂಗಳೂ ಯಂತ್ರ ಸದ್ದು ಮಾಡತಕ್ಕದ್ದಲ್ಲ.” ಗುರುಗಳು ಮುದ್ರೆ ಒತ್ತಿದರು.

ಮಧ್ಯಾಹ್ನ ಕಂಪನಿಯ ದೊಡ್ಡವನು ಬಂದು ಓದಿ ನಕ್ಕ.

“ಏನು ಸ್ವಾಮಿ, ಕಾಣದ ಪ್ರಾಣಿಗೆ ಇಷ್ಟು ಹೆದರಿಕೆಯಾ?”

ನಾಗಲಿಂಗ ಗೋಡೆಗೆ ಒತ್ತಿಕೊಂಡು ನಿಂತ.

ಗುರುಗಳು ಎದ್ದು ಬಾಗಿಲು ತೆರೆದು ಹೊರಗೆ ನೋಡಿದರು.

“ಕಾವಳ ಇನ್ನೂ ಹರಿದಿಲ್ಲ. ಬಾರಪ್ಪ, ಒಂದಿಷ್ಟು ನಡೆದು ಬರೋಣ.”