ಹೊರಡುವಾಗ ಹೇಳಿದ ಮಾತು

"ಇಬ್ಬರಿಗೂ ಹೂಂ ಅಂದಿದ್ದೀನಿ ಬುದ್ಧಿ. ಅದರಲ್ಲಿ ತಪ್ಪೇನು?"

ಕೇಳಿದವನು ಪಂಚಾಕ್ಷರಿ. ಮಠದ ಹಾಸ್ಟೆಲಿನಲ್ಲಿದ್ದುಕೊಂಡು ಕಾನೂನು ಓದುತ್ತಿದ್ದ ಹುಡುಗ. ಎದುರಿಗೆ ಕೂತಿದ್ದವರು ಮಠದ ಹಿರಿಯ ಸ್ವಾಮಿಗಳು. ಬೇಸಿಗೆ ರಜೆಯಲ್ಲಿ ಇಂಟರ್ನ್‌ಶಿಪ್ಪಿಗೆ ಬಾ ಎಂದು ಜಿಲ್ಲಾ ಕೋರ್ಟಿನ ವಕೀಲರೊಬ್ಬರು ಅವನನ್ನು ಕರೆದಿದ್ದರು. ವಾರ ಕಳೆಯುವುದರೊಳಗೆ ಹೈಕೋರ್ಟಿನ ವಕೀಲರೊಬ್ಬರೂ ಕರೆದರು. ಇಬ್ಬರೂ ಕರೆದದ್ದು ಅದೇ ರಜೆಗೆ. ಇಬ್ಬರಿಗೂ ಪಂಚಾಕ್ಷರಿ ಫೋನಿನಲ್ಲಿ ಆಗಲಿ ಸರ್ ಎಂದಿದ್ದ.

"ಹೈಕೋರ್ಟಿನ ಊರಲ್ಲಿ ಉಳ್ಕೊಳ್ಳೋಕೆ ಜಾಗ ಸಿಕ್ಕರೆ ಅಲ್ಲಿಗೆ ಹೋಗ್ತೀನಿ. ಸಿಗದಿದ್ರೆ ಜಿಲ್ಲಾ ಕೋರ್ಟಿನವರು ಇದ್ದೇ ಇರ್ತಾರೆ. ಬಾಯಲ್ಲಿ ಹೇಳಿದ್ದಷ್ಟೇ ಬುದ್ಧಿ, ಎಲ್ಲೂ ಸಹಿ ಹಾಕಿಲ್ಲ."

"ಭೇಷ್," ಎಂದರು ಸ್ವಾಮಿಗಳು. "ಇನ್ನೂ ಕರೀ ಕೋಟು ಹಾಕಿಲ್ಲ, ಆಗಲೇ ಕೇಸು ಗೆದ್ದುಬಿಟ್ಟೆ. ಕೂತ್ಕೊ. ನಿನ್ನಷ್ಟೇ ಜಾಣ ಒಬ್ಬ ಇದ್ದ, ಅವನ ಕತೆ ಹೇಳ್ತೀನಿ."

ಸ್ವಾಮಿಗಳು ಹೇಳಿದ ಕತೆ ಇದು.

ಒಬ್ಬ ವಿದ್ಯಾರ್ಥಿ ಇದ್ದ. ಊರಿನ ಪಂಡಿತರ ಹತ್ತಿರ ಬೇರು, ಎಲೆ, ಕಷಾಯ ಎಲ್ಲ ಕಲಿತಿದ್ದ. ಕಲಿಯದೆ ಉಳಿದದ್ದು ಒಂದೇ, ಕಣ್ಣಿನ ಪೊರೆ ತೆಗೆಯುವ ವಿದ್ಯೆ. ಅದು ಪಂಡಿತರಿಗೂ ಗೊತ್ತಿರಲಿಲ್ಲ. ಅವನಿಗಾದರೋ ಬೇಕಾಗಿದ್ದದ್ದು ಅದೇ. ಅವನ ಊರಿನಲ್ಲಿ ವಯಸ್ಸಾದವರಿಗೆಲ್ಲ ಪೊರೆ ಬರುತ್ತಿತ್ತು. ದೂರದ ಊರಿಗೆ ಹೋಗಿ ತೆಗೆಸಿಕೊಂಡು ಬರುವ ಶಕ್ತಿ ಆ ಮುದುಕರಿಗೆ ಇರಲಿಲ್ಲ. ಅವನನ್ನು ಸಾಕಿ ಬೆಳೆಸಿದ ಅಜ್ಜಿಯೂ ಅವರಲ್ಲಿ ಒಬ್ಬಳು. ಅವಳು ಅವನನ್ನು ಕಾಲಸಪ್ಪಳದಿಂದ ಗುರುತು ಹಿಡಿಯುತ್ತಿದ್ದಳು. ಮುಖ ನೋಡಿ ಎಷ್ಟೋ ಕಾಲವಾಗಿತ್ತು.

"ಬೇಗ ಕಲಿತುಕೊಂಡು ಬಾರಪ್ಪ," ಎನ್ನುತ್ತಿದ್ದಳು ಅಜ್ಜಿ. "ಮೀಸೆ ಬಂದಿದೆಯಂತೆ ನಿನಗೆ. ನಾನಿನ್ನೂ ನೋಡಿಲ್ಲ."

ಆ ವಿದ್ಯೆ ಬಲ್ಲ ವೈದ್ಯರು ಸೀಮೆಯಲ್ಲಿ ಇಬ್ಬರೇ. ಒಬ್ಬ ಕೋಟೆಯೂರಿನಲ್ಲಿದ್ದ, ಇನ್ನೊಬ್ಬ ಹೊಳೆಯಾಚೆಯ ಊರಿನಲ್ಲಿದ್ದ. ಒಬ್ಬೊಬ್ಬರೂ ಇಟ್ಟುಕೊಳ್ಳುತ್ತಿದ್ದದ್ದು ಒಬ್ಬನೇ ಶಿಷ್ಯನನ್ನು. ಅವನ ಕೈ ಪಳಗಿ ಅವನು ಹೊರಡುವ ತನಕ ಇನ್ನೊಬ್ಬನಿಗೆ ಬಾಗಿಲು ತೆರೆಯುತ್ತಿರಲಿಲ್ಲ.

ವಿದ್ಯಾರ್ಥಿ ಮೊದಲು ಕೋಟೆಯೂರಿಗೆ ಹೋದ. ವೈದ್ಯ ಅವನ ಎರಡೂ ಕೈ ಮುಂದೆ ಚಾಚಿಸಿ ಬಹಳ ಹೊತ್ತು ನೋಡಿದ. ಆಮೇಲೆ ಒಳಗೆ ಕರೆದು ಊಟಕ್ಕೆ ಕೂರಿಸಿದ.

"ಯುಗಾದಿ ಕಳೆದ ಮೇಲೆ ಬಾ. ಜಾಗ ನಿನಗೇ ಇಟ್ಟಿರುತ್ತೇನೆ," ಎಂದ.

ಹುಡುಗನಿಗೆ ಸಂತೋಷವಾಯಿತು. ಸಂತೋಷದ ಹಿಂದೆಯೇ ಲೆಕ್ಕಾಚಾರವೂ ಬಂತು. ಹೊಳೆಯಾಚೆಯ ವೈದ್ಯನ ಹೆಸರು ಇವನದಕ್ಕಿಂತ ದೊಡ್ಡದು. ಅವನೂ ಕರೆದುಬಿಟ್ಟರೆ? ಆಗುವುದಿಲ್ಲ ಎಂದು ಇಲ್ಲಿ ಹೇಳಿದರೆ ಈ ಜಾಗ ಕೈತಪ್ಪುತ್ತದೆ. ಆಗಲಿ ಎಂದರೆ ಅಲ್ಲಿಗೆ ಹೋಗುವ ಹಾಗಿಲ್ಲ. ಏನು ಹೇಳಲಿ ಎಂದು ಯೋಚಿಸುತ್ತಲೇ ಎದ್ದ, ಕೈಮುಗಿದ, ಹೊಸಿಲು ದಾಟಿದ. ದಾಟುವಾಗ, "ಬರುತ್ತೇನೆ," ಎಂದ.

ಆ ಮಾತು ಬಾಯಿಂದ ಬಿದ್ದ ಮೇಲೆಯೇ ಅದರ ಸೊಗಸು ಅವನಿಗೆ ಹೊಳೆದದ್ದು. ನಮ್ಮಲ್ಲಿ ಹೊರಡುವವರು ಯಾರೂ ಹೋಗುತ್ತೇನೆ ಅನ್ನುವುದಿಲ್ಲ. ನೆಂಟರ ಮನೆ ಬಿಡುವಾಗಲೂ ಬರುತ್ತೇನೆ, ಸಂತೆಯಲ್ಲಿ ಸಿಕ್ಕವರನ್ನು ಬಿಟ್ಟು ನಡೆಯುವಾಗಲೂ ಬರುತ್ತೇನೆ. ವೈದ್ಯ ಅದನ್ನು ಒಪ್ಪಿಗೆ ಎಂದುಕೊಂಡರೆ ಜಾಗ ಉಳಿಯಿತು. ನಾಳೆ ಕೇಳಿದರೆ, ಹೊರಡುವಾಗ ಎಲ್ಲರೂ ಹೇಳುವ ಮಾತಲ್ಲವೇ ಸ್ವಾಮಿ ಎಂದರಾಯಿತು. ಸುಳ್ಳು ಹೇಳಿದ ಹಾಗೂ ಆಗಲಿಲ್ಲ, ಮಾತು ಕೊಟ್ಟ ಹಾಗೂ ಆಗಲಿಲ್ಲ. ಹುಡುಗ ದಾರಿಯುದ್ದಕ್ಕೂ ತನ್ನ ಬೆನ್ನು ತಾನೇ ತಟ್ಟಿಕೊಂಡು ನಡೆದ. ಅದಕ್ಕೇ ನಿನ್ನನ್ನು ಕಂಡರೆ ನನಗೆ ಅವನ ನೆನಪಾಗುವುದು, ಪಂಚಾಕ್ಷರಿ.

ಹೊಳೆಯಾಚೆಯ ವೈದ್ಯನೂ ಅವನ ಕೈ ನೋಡಿದ. ಅವನೂ ಮೆಚ್ಚಿದ, ಅವನೂ ಯುಗಾದಿ ಕಳೆದ ಮೇಲೆ ಬಾ ಎಂದ. ಹುಡುಗ ಅಲ್ಲೂ ಕೈಮುಗಿದು, ಅಲ್ಲೂ ಹೊಸಿಲು ದಾಟುತ್ತ, "ಬರುತ್ತೇನೆ," ಎಂದ. ಈ ಸಲ ಅದು ತಾನಾಗಿ ಬಾಯಿಂದ ಬಿದ್ದದ್ದಲ್ಲ. ಬೇಕೆಂದೇ ಹೇಳಿದ್ದು.

ಮನೆಗೆ ಬಂದವನು ಯುಗಾದಿಯ ತನಕ ಎರಡನ್ನೂ ತೂಗಿದ. ಕೋಟೆಯೂರಿನವನ ಮನೆಯ ಊಟ ಚೆನ್ನ. ಹೊಳೆಯಾಚೆಯವನ ಹೆಸರು ದೊಡ್ಡದು. ಕೋಟೆಯೂರಿನವನು ಶಿಷ್ಯನ ಕೈಗೆ ಬೇಗ ಸೂಜಿ ಕೊಡುತ್ತಾನಂತೆ. ಹೊಳೆಯಾಚೆಯವನ ಶಿಷ್ಯನೆಂದರೆ ಜನ ಎದ್ದು ನಿಲ್ಲುತ್ತಾರಂತೆ. ಹೀಗೇ ದಿನ ಕಳೆದ. ಆಗುವುದಿಲ್ಲ ಎಂದು ಒಬ್ಬರಿಗೆ ಹೇಳಿಕಳಿಸಬಹುದಾಗಿತ್ತು. ಹೇಳಿಕಳಿಸಲಿಲ್ಲ. ಎರಡು ಬಾಗಿಲು ತನಗಾಗಿ ತೆರೆದಿವೆ ಎನ್ನುವ ಸುಖವೇ ಅವನಿಗೆ ಸಾಕಾಗಿತ್ತು. ಅಜ್ಜಿ ಮಾತ್ರ ಯಾವಾಗ ಹೊರಡುತ್ತೀಯೆ ಎಂದು ದಿನಾ ಕೇಳುತ್ತಿದ್ದಳು.

ಆ ವೈದ್ಯರಿಬ್ಬರೂ ಚಿಕ್ಕಂದಿನಲ್ಲಿ ಒಬ್ಬನೇ ಗುರುವಿನ ಹತ್ತಿರ ಕಲಿತವರು. ಇದು ಹುಡುಗನಿಗೆ ಗೊತ್ತಿರಲಿಲ್ಲ. ಆ ವರ್ಷ ಗುರುವಿನ ಮೊಮ್ಮಗಳ ಮದುವೆ ಬಂತು. ಇಬ್ಬರೂ ಹೋದರು. ಚಪ್ಪರದ ಕೆಳಗೆ ಅಕ್ಕಪಕ್ಕ ಕೂತು ಮಾತಿಗೆ ತೊಡಗಿದರು.

"ಈ ಸಲ ನನಗೊಬ್ಬ ಒಳ್ಳೆಯ ಹುಡುಗ ಸಿಕ್ಕಿದ್ದಾನೆ," ಎಂದ ಕೋಟೆಯೂರಿನವನು. "ಕೈ ಅಲುಗುವುದೇ ಇಲ್ಲ."

"ನನಗೂ ಸಿಕ್ಕಿದ್ದಾನೆ. ಪಂಡಿತರ ಕಡೆಯವನು. ಎಡಹುಬ್ಬಿನ ಮೇಲೆ ಒಂದು ಮಚ್ಚೆ ಇದೆ."

ಕೋಟೆಯೂರಿನವನು ಬಾಯಿಗೆ ಒಯ್ಯುತ್ತಿದ್ದ ಎಲೆ ಅಡಿಕೆ ಕೈಯಲ್ಲೇ ಉಳಿಯಿತು. ಅವನ ಮುಖ ನೋಡಿ ಇನ್ನೊಬ್ಬನಿಗೂ ಗೊತ್ತಾಯಿತು.

"ನಿನಗೆ ಏನೆಂದ?" ಎಂದು ಕೋಟೆಯೂರಿನವನು ಕೇಳಿದ.

"ಬರುತ್ತೇನೆ ಎಂದ."

"ಹೊರಡುವಾಗಲೇ?"

"ಹೌದು, ಹೊಸಿಲು ದಾಟುವಾಗ."

"ನನಗೂ ಆಗಲೇ ಹೇಳಿದ್ದು," ಎಂದು ಕೋಟೆಯೂರಿನವನು ನಕ್ಕುಬಿಟ್ಟ. "ಅಯ್ಯೋ, ನನ್ನ ಬುದ್ಧಿಗಿಷ್ಟು! ಹುಡುಗ ಪಾಪ ಹೊರಡುವವರ ಮಾತು ಹೇಳಿದ್ದಾನೆ. ನಾನು ಆಸೆಬುರುಕ, ಒಪ್ಪಿಗೆ ಎಂದುಕೊಂಡು ಕಾಯುತ್ತಾ ಕೂತೆ. ಅವನು ನಿನ್ನವನು. ಇಟ್ಟುಕೋ."

"ಎಲ್ಲಾದರೂ ಉಂಟೇ? ಹಾಗೆ ತಪ್ಪು ತಿಳಿದವನು ನಾನು. ಮೊದಲು ಬಂದದ್ದು ನಿನ್ನ ಹತ್ತಿರ. ನೀನೇ ಇಟ್ಟುಕೋ."

"ಸುಮ್ಮನಿರು, ನಿನಗೇ ಬಿಟ್ಟೆ."

"ನಾನೂ ನಿನಗೇ ಬಿಟ್ಟೆ."

ಅಷ್ಟರಲ್ಲಿ ಧಾರೆಗೆ ಹೊತ್ತಾಯಿತೆಂದು ಕರೆ ಬಂತು. ಮಾತು ಅಲ್ಲಿಗೇ ನಿಂತಿತು. ಇಬ್ಬರಿಗೂ ಗೆಳೆಯನಿಗಾಗಿ ಒಳ್ಳೆಯ ಶಿಷ್ಯನನ್ನು ಬಿಟ್ಟುಕೊಟ್ಟ ಸಮಾಧಾನ. ಇಬ್ಬರೂ ಊರಿಗೆ ಹೋಗಿ, ಜಾಗವಿಲ್ಲವೆಂದು ಹಿಂದೆ ತಾವೇ ವಾಪಸು ಕಳಿಸಿದ್ದ ಬೇರೆ ಹುಡುಗರನ್ನು ಕರೆಸಿಕೊಂಡರು. ಆ ಹುಡುಗ ಬೇಕೆಂದೇ ಇಬ್ಬರನ್ನೂ ಕಾಯಿಸಿರಬಹುದು ಎನ್ನುವ ಯೋಚನೆ ಒಬ್ಬರ ತಲೆಗೂ ಬರಲಿಲ್ಲ. ಒಳ್ಳೆಯವರ ಹತ್ತಿರ ಜಾಣತನ ಮಾಡಿದರೆ ಇದೇ ಫಜೀತಿ. ಅವರು ನಮ್ಮನ್ನು ಅನುಮಾನಿಸುವುದೂ ಇಲ್ಲ.

ಯುಗಾದಿ ಕಳೆಯಿತು. ಹುಡುಗ ಕೊನೆಗೂ ದೊಡ್ಡ ಹೆಸರನ್ನೇ ಆರಿಸಿಕೊಂಡ. ಅಜ್ಜಿಯ ಕಾಲಿಗೆ ಬಿದ್ದು, ಗಂಟು ಹೊತ್ತು, ಹೊಳೆ ದಾಟಿ ಹೋದ. ವೈದ್ಯ ಅವನನ್ನು ಕಂಡು ಎದ್ದು ಬಂದ.

"ಅರೆ, ಬಾರಪ್ಪ! ಇದೇನು, ಹೋಗುವ ದಾರಿಯಲ್ಲಿ ನನ್ನನ್ನೂ ನೋಡಿಕೊಂಡು ಹೋಗೋಣ ಎಂದು ಬಂದೆಯಾ?"

ಹುಡುಗನಿಗೆ ಅರ್ಥವಾಗಲಿಲ್ಲ. ಒಳಗೆ ಯಾರೋ ಔಷಧ ಅರೆಯುವ ಸದ್ದು ಕೇಳುತ್ತಿತ್ತು.

"ನಿನ್ನನ್ನು ನನ್ನ ಗೆಳೆಯನಿಗೇ ಬಿಟ್ಟುಕೊಟ್ಟೆನಪ್ಪ. ಅವನಿಗೆ ಒಪ್ಪಿದವನನ್ನು ನಾನು ಕಿತ್ತುಕೊಳ್ಳಲೇ? ಹೊರಡುವಾಗ ನೀನು ಹೇಳಿದ ಮಾತನ್ನು ನಾನೇ ಏನೋ ಅಂದುಕೊಂಡುಬಿಟ್ಟಿದ್ದೆ. ಮನಸ್ಸಿಗೆ ಹಚ್ಚಿಕೊಳ್ಳಬೇಡ."

ಹುಡುಗನಿಗೆ ನಿಂತ ನೆಲ ಕುಸಿದ ಹಾಗಾಯಿತು. ನಿಜ ಹೇಳಿದರೆ ಇಬ್ಬರಿಗೂ ಹೇಳಿದ್ದು ಹೊರಬೀಳುತ್ತದೆ. ಕೊಟ್ಟ ಮಜ್ಜಿಗೆ ಕುಡಿದು ಅಲ್ಲಿಂದ ಹೊರಟವನು ಕೋಟೆಯೂರಿನ ದಾರಿ ಹಿಡಿದು ಬಿಟ್ಟ ಬಾಣದಂತೆ ಓಡಿದ. ಹೋಗಲಿ, ಇನ್ನೊಂದು ಬಾಗಿಲಾದರೂ ಇದೆಯಲ್ಲ ಎನ್ನುವ ಧೈರ್ಯ ಅವನಿಗೆ.

ಕೋಟೆಯೂರಿನ ವೈದ್ಯನೂ ನಗುತ್ತಲೇ ಎದುರು ಬಂದ. ಅವನ ಜಗಲಿಯ ಮೇಲೂ ಒಬ್ಬ ಹೊಸ ಹುಡುಗ ಬಟ್ಟೆ ಹರಿದು ಪಟ್ಟಿ ಮಾಡುತ್ತಿದ್ದ.

"ಗೆಳೆಯನ ಶಿಷ್ಯ ನನ್ನ ಮನೆಗೆ ಬಂದನಲ್ಲ, ಬಾ ಬಾ," ಎಂದ ವೈದ್ಯ. "ಅವನಿಗೆ ನಿನ್ನಂಥವನೇ ಸಿಗಬೇಕಿತ್ತು. ನನ್ನ ಹೊಟ್ಟೆ ತಣ್ಣಗಾಯಿತು."

ಆಗ ಸುಮ್ಮನೆ ಕೈಮುಗಿದು ಹೊರಟಿದ್ದರೆ ಅವನ ಹೆಸರಾದರೂ ಉಳಿಯುತ್ತಿತ್ತು. ಇಬ್ಬರು ಹಿರಿಯರೂ ತಪ್ಪನ್ನು ತಮ್ಮ ತಲೆಯ ಮೇಲೇ ಹಾಕಿಕೊಂಡಿದ್ದರು. ಆದರೆ ಬರಿಗೈಯಲ್ಲಿ ಹೋಗಿ ಅಜ್ಜಿಗೆ ಏನು ಹೇಳುವುದು? ಹುಡುಗನ ದುಃಖ ಕಟ್ಟೆ ಒಡೆಯಿತು.

"ಅದು ಹೊರಡುವ ಮಾತಲ್ಲ ಸ್ವಾಮಿ. ನಾನು ಒಪ್ಪಿಯೇ ಹೇಳಿದ್ದು. ನಿಮ್ಮ ಹತ್ತಿರ ಬರುತ್ತೇನೆ ಎಂದೇ ಹೇಳಿದ್ದು!"

ವೈದ್ಯ ಬೆಚ್ಚಿಬಿದ್ದ. "ಶಿವನೇ! ಮಾತು ಕೊಟ್ಟವನನ್ನು ನಾನು ಬೇರೆಯವರಿಗೆ ಬಿಟ್ಟುಕೊಟ್ಟೆನೇ? ಇದು ನನ್ನ ತಪ್ಪು ಮಗು, ನನ್ನದೇ ತಪ್ಪು. ನಿಲ್ಲು, ಈ ಹುಡುಗನಿಗೆ ಬೇರೆ ಏನಾದರೂ ದಾರಿ ಮಾಡುತ್ತೇನೆ. ಗೆಳೆಯನಿಗೂ ಈಗಲೇ ಹೇಳಿಕಳಿಸುತ್ತೇನೆ."

ಪಟ್ಟಿ ಹರಿಯುತ್ತಿದ್ದ ಹುಡುಗ ಕೈ ನಿಲ್ಲಿಸಿ ತಲೆ ಎತ್ತಿದ. ವೈದ್ಯ ಒಳಗೆ ಹೋಗಲು ತಿರುಗಿದವನು ಬಾಗಿಲಲ್ಲೇ ನಿಂತ.

"ನನ್ನ ಗೆಳೆಯನಿಗೆ ಏನೆಂದು ಹೇಳಿದ್ದೆ?"

ಹುಡುಗ ಹೆಗಲ ಮೇಲಿನ ಗಂಟು ಸರಿಮಾಡಿಕೊಂಡ.

"ಅವನಿಗೂ ಒಪ್ಪಿಯೇ ಹೇಳಿದೆಯಾ?"

ಹುಡುಗ ತಲೆ ತಗ್ಗಿಸಿದ.

ಜೀವಮಾನವೆಲ್ಲ ಜನರ ಕಣ್ಣಿನೊಳಗೆ ಸೂಜಿ ಇಳಿಸಿದ ಕೈ ಅದು, ಪಂಚಾಕ್ಷರಿ. ಒಂದು ದಿನವೂ ಅಲುಗಿದ್ದಿಲ್ಲ. ಆ ಕೈ ಬಾಗಿಲ ಚೌಕಟ್ಟಿನ ಮೇಲೆ ನಡುಗಿತು. ವೈದ್ಯ ಬೈಯಲಿಲ್ಲ. ಯಾಕೆ ಹೀಗೆ ಮಾಡಿದೆ ಎಂದು ಕೇಳಲೂ ಇಲ್ಲ. ನಮ್ಮ ಕಡೆ ಜಗಳಕ್ಕೆ ಬಂದವನನ್ನೂ ಹೋಗಿ ಬಾ ಎಂದೇ ಕಳಿಸಿಕೊಡುತ್ತಾರೆ. ಬರೀ ಹೋಗು ಎಂದು ಯಾರನ್ನೂ ಕಳಿಸುವುದಿಲ್ಲ, ಅದು ಹೆಣ ಕಳಿಸುವವರ ಮಾತು.

ವೈದ್ಯ ಅವನ ಮುಖವನ್ನೇ ನೋಡುತ್ತ ಹೇಳಿದ, "ಹೋಗು."

ಸ್ವಾಮಿಗಳು ಕತೆ ನಿಲ್ಲಿಸಿದರು. ಪಂಚಾಕ್ಷರಿ ಕಾನೂನು ಓದುವ ಹುಡುಗ. ಎಲ್ಲಾದರೂ ಒಂದು ದಾರಿ ಇದ್ದೇ ಇರುತ್ತದೆ ಎಂದು ಹುಡುಕಿದ. ಕೊನೆಗೆ ಕೇಳಿದ:

"ಬುದ್ಧಿ, ಆ ವೈದ್ಯರಿಬ್ಬರು ಒಂದು ಕಡೆ ಸೇರದೇ ಇದ್ದಿದ್ರೆ?"

"ನಿನ್ನ ವಕೀಲರಿಬ್ಬರೂ ನಿನ್ನೆ ಮಧ್ಯಾಹ್ನ ಇಲ್ಲೇ ಒಂದೇ ಪಂಕ್ತಿಯಲ್ಲಿ ಪ್ರಸಾದಕ್ಕೆ ಕೂತಿದ್ರು," ಎಂದರು ಸ್ವಾಮಿಗಳು, "ಇಬ್ಬರೂ ನಿನ್ನನ್ನೇ ಹೊಗಳ್ತಾ ಇದ್ರು."