ಅಂಚು ಕತ್ತರಿಸಿದ ಕಥೆ

ಹೊಳೆದಂಡೆಯ ಆ ಮಠದಲ್ಲಿ ಹರಿದ ಪುಸ್ತಕಗಳಿಗೆ ರಟ್ಟು ಕಟ್ಟುವುದೇ ಪೂಜೆ. ಗುರುಗಳು ಹಾಳೆ ಹೊಲಿಯುತ್ತಿದ್ದರು. ಶಿಷ್ಯ ಪ್ರಭುಲಿಂಗ ಅಂಟು ಕಾಯಿಸುತ್ತಿದ್ದ.

ಆ ಸಲ ಗುರುಗಳು ಜ್ವರ ಹಿಡಿದು ಮಲಗಿದರು. ಒಂದು ಪುಸ್ತಕ ಪೂರ್ತಿಯಾಗಿ ಪ್ರಭುಲಿಂಗನ ಕೈಗೇ ಬಂತು.

ನೀರುನಾಯಿ ಮರಿಯ ಕಥೆ. ಅಜ್ಜಿಯರ ಕಾಲದಿಂದಲೂ ಮಕ್ಕಳು ಕಾಡಿ ಬೇಡಿ ಓದಿಸಿಕೊಂಡು ಬಂದದ್ದು. ತಂದುಕೊಟ್ಟವಳು ಆಚೆ ದಡದ ಸಾಕಮ್ಮ. ಮಳೆಗಾಲದಲ್ಲಿ ಮಗಳನ್ನು ಮಣ್ಣು ಮಾಡಿ ಬಂದವಳು.

"ಹಾಳೆ ಉದುರ್ತಾವೆ. ಒಂದೂ ಕಳೆದುಹೋಗದಂಗೆ ಕಟ್ಟಿಕೊಡಪ್ಪ" ಅಂದಿದ್ದಳು, ಅಷ್ಟೇ.

ಪ್ರಭುಲಿಂಗ ಜೀವ ತೇದ. ಅಂಚೆಲ್ಲ ಎಣ್ಣೆ, ಮಸಿ, ಬೆಲ್ಲದ ಕಲೆ. ಮೂರೂ ಕಡೆ ಕತ್ತಿ ಹಾಕಿ ಬೆರಳಗಲ ತೆಗೆದ. ಕೆಂಪು ತೊಗಲು ಹೊದಿಸಿದ. ಬೆನ್ನಿಗೆ ಚಿನ್ನದ ಬಣ್ಣದಲ್ಲಿ ಹೆಸರು ಒತ್ತಿದ. ಗುರುಗಳ ಹಾಸಿಗೆ ಪಕ್ಕಕ್ಕೆ ತಂದು ಹಿಡಿದ.

ಗುರುಗಳು ಅಂಚಿನ ಮೇಲೆ ಬೆರಳಾಡಿಸಿದರು.

"ಯಾಕೋ ಇಷ್ಟು ನುಣ್ಣಗಿದೆ?"

"ಕೊಳೆಯಿತ್ತು ಬುದ್ಧಿ. ತೆಗೆದೆ."

"ಯಾರ ಕೊಳೆ ಅಂತ ಕೇಳಿದ್ಯಾ?"

ಪ್ರಭುಲಿಂಗನಿಗೆ ನಗು ಬಂತು. "ಕೊಳೆಗೂ ಕುಲಗೋತ್ರ ಕೇಳಬೇಕಾ ಬುದ್ಧಿ?"

ಗುರುಗಳು ಗೋಡೆ ಕಡೆ ತಿರುಗಿ ಮಲಗಿದರು.

ಮಾರನೇ ದಿನ ಸಾಕಮ್ಮ ಬಂದಳು.

"ಅಯ್ಯೋ, ಮದುವಣಗಿತ್ತಿ ಮಾಡ್ಬಿಟ್ಟಿದ್ದೀಯಲ್ಲಪ್ಪ!"

ಅವನ ಮುಖ ಅರಳಿತು. ಅವಳು ಹಾಳೆ ತಿರುವುತ್ತ ಹೋದಳು. ತಾಯಿ ನೀರುನಾಯಿ ಬಲೆಗೆ ಬೀಳುವ ಪುಟದಲ್ಲಿ ನಿಂತಳು. ಮೂಲೆ ಸವರಿದಳು. ಹಿಂದಿನ ಪುಟ ನೋಡಿ ಬಂದು ಮತ್ತೆ ಅದನ್ನೇ ಸವರಿದಳು.

"ಇಲ್ಲಿತ್ತಲ್ಲಪ್ಪ."

"ಏನಮ್ಮ?"

"ನನ್ನ ಮಗಳ ಹೆಬ್ಬೆಟ್ಟು. ಈ ಪುಟ ಬಂದ್ರೆ ಸಾಕು, ಬೆಲ್ಲ ತಿಂದ ಕೈಲೇ ಒತ್ತಿ ಹಿಡ್ಕೊಳ್ಳೋಳು. ತಿರುಗಿಸಬೇಡವ್ವ, ತಿರುಗಿಸಿದ್ರೆ ಅದರಮ್ಮ ಸತ್ತೋಗುತ್ತೆ ಅನ್ನೋಳು."

ಪ್ರಭುಲಿಂಗ ಒಳಗೆ ಓಡಿದ. ಕತ್ತರಿಸಿದ ಚೂರುಗಳನ್ನೆಲ್ಲ ತಾನೇ ಅಂಟಿನ ಒಲೆಗೆ ಹಾಕಿದ್ದ. ಆದರೂ ಬೂದಿಯಲ್ಲಿ ಮೊಣಕೈವರೆಗೆ ಕೈಯಾಡಿಸಿದ.

ಬರಿಗೈಯಲ್ಲಿ ಹೊರಗೆ ಬಂದಾಗ ಸಾಕಮ್ಮ ಆ ಬೂದಿ ಮೆತ್ತಿದ ಕೈಗಳನ್ನೇ ನೋಡಿದಳು.

"ಚೆನ್ನಾಗೈತೆ ಕಣಪ್ಪ" ಅಂದಳು. ಪುಸ್ತಕವನ್ನು ಸೆರಗಿನಲ್ಲಿ ಸುತ್ತಿಕೊಂಡು ದೋಣಿ ಕಡೆ ನಡೆದಳು.

ಗುರುಗಳು ಯಾವಾಗಲೋ ಎದ್ದು ಬಂದು ಬಾಗಿಲಿಗೆ ಒರಗಿ ನಿಂತಿದ್ದರು.

"ಬೈಯಲಿಲ್ಲ ಬುದ್ಧಿ. ಬೈದಿದ್ರೆ ತಡ್ಕೊಳ್ತಿದ್ದೆ."

ಪ್ರಭುಲಿಂಗ ಹೊಳೆ ಕಡೆ ನೋಡಿದ.

"ದೋಣಿ ಇನ್ನೂ ಬಿಟ್ಟಿಲ್ಲ. ಓಡಿಹೋಗಿ ಕಾಲು ಹಿಡ್ಕೊಂಡು ಅತ್ತುಬಿಡ್ತೀನಿ."

ಗುರುಗಳು ಅವನ ತೋಳು ಹಿಡಿದರು. ಜ್ವರದ ಕೈ ಸುಡುತ್ತಿತ್ತು.

"ಬೇಡ. ನೀನು ಅಲ್ಲಿ ಹೋಗಿ ಅತ್ತರೆ, ನಿನ್ನನ್ನ ಸಮಾಧಾನ ಮಾಡೋ ಕೆಲಸವೂ ಆ ತಾಯಿಗೇ ಬರುತ್ತೆ."