ಮೀಸೆಯ ಮರೆಯ ಗಂಟು

ಶಿಷ್ಯ ಮುಪ್ಪಯ್ಯ ಕೇಳಿದ: "ಗುರುಗಳೇ, ಇಲ್ಲದ ಆಪತ್ತಿಗೆ ಹೆದರಿದರೆ ನಷ್ಟವೇನು? ಆಪತ್ತು ಸುಳ್ಳೆಂದು ತಿಳಿದ ದಿನ ಹೆದರಿಕೆಯೂ ಸುಳ್ಳಾಗುತ್ತದಲ್ಲವೇ?"

ಗುರುಗಳು ಒಂದು ಕಥೆ ಹೇಳತೊಡಗಿದರು.

ಒಂದು ಪೇಟೆಯಲ್ಲಿ ಒಬ್ಬ ಪಾತ್ರೆ ವ್ಯಾಪಾರಿಯಿದ್ದ. ಅವನಿಗೆ ಒಬ್ಬಳೇ ಮಗಳು, ನೀಲಾ. ಓದಿನಲ್ಲಿ ಚುರುಕು. ಕಾಲೇಜು ಮುಗಿಸಿ ಶಿಕ್ಷಕಿಯಾಗಬೇಕೆಂದು ಅವಳ ಆಸೆ. "ನಿನ್ನ ಓದು ಮುಗಿಯುವವರೆಗೆ ಈ ಮನೆಯಲ್ಲಿ ಮದುವೆಯ ಮಾತಿಲ್ಲ" ಎಂದು ತಂದೆಯೇ ಹೇಳಿದ್ದ.

ಒಂದು ಬೆಳಿಗ್ಗೆ ಮುಖ ತೊಳೆಯುವಾಗ ಅವನ ಬೆರಳಿಗೆ ಏನೋ ಸಿಕ್ಕಿತು. ಮೂಗಿನ ಪಕ್ಕದಲ್ಲಿ, ಮೇಲ್ದುಟಿಗಿಂತ ತುಸು ಮೇಲೆ, ಚರ್ಮದೊಳಗೆ ಒಂದು ಗಂಟು. ನೆನೆಸಿದ ಕಡಲೆಕಾಳಿನಷ್ಟು. ಒತ್ತಿದರೆ ಅತ್ತಿತ್ತ ಜಾರುತ್ತಿತ್ತು. ನೋವಿರಲಿಲ್ಲ. ನೋವಿಲ್ಲವೆಂಬುದೇ ಅವನನ್ನು ಹೆಚ್ಚು ಹೆದರಿಸಿತು. ಅವನ ದೊಡ್ಡಪ್ಪನಿಗೂ ಮೊದಮೊದಲು ನೋವಿರಲಿಲ್ಲ.

ದೊಡ್ಡಪ್ಪನ ಕೆನ್ನೆಯಲ್ಲಿ ಎದ್ದದ್ದು ಕ್ಯಾನ್ಸರ್. ಕೊನೆಕೊನೆಗೆ ಅವನನ್ನು ಹಿತ್ತಿಲ ಕೋಣೆಯಲ್ಲಿ ಮಲಗಿಸಿದ್ದರು. ಹುಣ್ಣಿನ ವಾಸನೆ ತಾಳಲಾರದೆ ಯಾರೂ ಒಳಗೆ ಹೋಗುತ್ತಿರಲಿಲ್ಲ. ಅವನು ಸತ್ತ ಮೇಲೆ ಅವನ ಹೆಣ್ಣುಮಕ್ಕಳಿಗೆ ದಿಕ್ಕಿಲ್ಲದಾಯಿತು. ನೆಂಟರ ಮನೆಗಳಲ್ಲಿ ಮುಸುರೆ ತಿಕ್ಕುತ್ತಲೇ ಅವರು ಮುದುಕಿಯರಾದರು. ವ್ಯಾಪಾರಿ ಇದನ್ನೆಲ್ಲ ಕಣ್ಣಾರೆ ಕಂಡಿದ್ದ.

ಅವನು ಯಾರಿಗೂ ಹೇಳಲಿಲ್ಲ. ಮೀಸೆ ಬಿಟ್ಟ. "ಈ ವಯಸ್ಸಿನಲ್ಲಿ ಇದೇನು ಶೋಕಿ?" ಎಂದು ಹೆಂಡತಿ ನಕ್ಕಳು. ಅವನೂ ನಕ್ಕ. ಆದರೆ ದಿನ ಬೆಳಗಾದರೆ ಕಣ್ಣು ಬಿಡುವ ಮೊದಲೇ ಬೆರಳು ಅಲ್ಲಿಗೆ ಹೋಗುತ್ತಿತ್ತು. ಕರಗಿರಬಹುದು ಎಂದು ಮುಟ್ಟುತ್ತಿದ್ದ, ನಿನ್ನೆಗಿಂತ ದೊಡ್ಡದಾಗಿದೆ ಎಂದು ಕೈ ತೆಗೆಯುತ್ತಿದ್ದ. ಅನ್ನ ಸೇರದಾಯಿತು. ಅಂಗಡಿಗೆ ಬಂದವರು ತುಸು ಹೆಚ್ಚು ಹೊತ್ತು ಮುಖ ನೋಡಿದರೆ ಪಾತ್ರೆ ಜೋಡಿಸುವ ನೆಪದಲ್ಲಿ ಬೆನ್ನು ತಿರುಗಿಸುತ್ತಿದ್ದ. ಆಸ್ಪತ್ರೆಯಿದ್ದ ಬೀದಿಯನ್ನೇ ಬಿಟ್ಟು ಸುತ್ತಿ ಬಳಸಿ ಮನೆಗೆ ಹೋಗುತ್ತಿದ್ದ. ಡಾಕ್ಟರು ಬಾಯಿಬಿಟ್ಟು ಹೇಳಿದರೆ ಅದು ನಿಜವಾಗಿಬಿಡುತ್ತದೆ ಎಂದು ಅವನ ಅಳುಕು.

ಕಡೆಗೆ ಅವನಲ್ಲಿ ಒಂದೇ ಯೋಚನೆ ಉಳಿಯಿತು. ತಾನು ಹಿತ್ತಿಲ ಕೋಣೆ ಸೇರುವ ಮೊದಲು ಮಗಳು ಒಂದು ಮನೆ ಸೇರಬೇಕು.

ದೂರದ ಊರಿನಿಂದ ಒಂದು ಸಂಬಂಧ ಬಂತು. ಗಂಡಿಗೆ ಸ್ವಂತ ಹಿಟ್ಟಿನ ಗಿರಣಿ. ಹಿಂದೊಮ್ಮೆ ಅವನಿಗೆ ನಿಶ್ಚಿತಾರ್ಥವಾಗಿ, ಹೆಣ್ಣಿನ ಕಡೆಯವರೇ ಬೇಡವೆಂದು ಬಿಟ್ಟಿದ್ದರು ಎಂಬ ಮಾತೂ ಕಿವಿಗೆ ಬಿತ್ತು. "ಯಾಕೆ ಬೇಡವೆಂದರೋ, ಒಮ್ಮೆ ಹೋಗಿ ವಿಚಾರಿಸಿಕೊಂಡು ಬನ್ನಿ" ಎಂದಳು ಹೆಂಡತಿ. ಅವನು ಹೋಗಲಿಲ್ಲ. ವಿಚಾರಿಸಿದರೆ ಈ ಗಂಡು ತಪ್ಪಿ ಹೋದೀತು. ಇನ್ನೊಬ್ಬನನ್ನು ಹುಡುಕುವಷ್ಟು ಆಯುಸ್ಸು ತನಗೆಲ್ಲಿದೆ?

ನೀಲಾ ಅಂಗಡಿಗೇ ಬಂದು ಎದುರು ನಿಂತಳು. "ಅಪ್ಪಾ, ನನ್ನಿಂದ ಏನಾದರೂ ತಪ್ಪಾಯಿತಾ?"

"ಇಲ್ಲ ಮಗಳೇ."

"ಮತ್ತೆ ಯಾಕೆ ಇಷ್ಟು ಅವಸರದಲ್ಲಿ ನನ್ನನ್ನು ಸಾಗಹಾಕುತ್ತಿದ್ದೀರಿ?"

ಹೇಳಿಬಿಡೋಣವೆಂದು ಅವನು ಬಾಯಿ ತೆರೆದ. ಆ ಕ್ಷಣಕ್ಕೆ ದೊಡ್ಡಪ್ಪನ ಕೋಣೆಯ ವಾಸನೆ ಮೂಗಿಗೆ ಬಡಿದಂತಾಯಿತು. "ದೊಡ್ಡವರು ಹೇಳಿದಷ್ಟು ಕೇಳು" ಎಂದು ಗದರಿದ. ತಂದೆ ಗದರಿದ್ದನ್ನು ಅವಳು ಅಂದೇ ಮೊದಲು ಕೇಳಿದ್ದು. ಅಲ್ಲಿಂದ ನೇರ ಮನೆಗೆ ಹೋದಳು. ಪುಸ್ತಕಗಳನ್ನು ಕಟ್ಟಿ ಅಟ್ಟಕ್ಕೆ ಹಾಕಿದಳು. ಮದುವೆಯಾಯಿತು. ಧಾರೆಯೆರೆದು ಕೈ ಒರೆಸಿಕೊಳ್ಳುತ್ತ, "ಇನ್ನು ಸಾಯಬಹುದು" ಎಂದುಕೊಂಡ ವ್ಯಾಪಾರಿ.

ಸಾವು ಬರಲಿಲ್ಲ. ಜ್ವರ ಬಂತು. ಹೆಂಡತಿ ಒದ್ದೆ ಬಟ್ಟೆಯಿಂದ ಅವನ ಮುಖ ಒರೆಸುವಾಗ ಮೀಸೆಯ ಮರೆಯಲ್ಲಿದ್ದ ಗಂಟು ಕೈಗೆ ತಾಗಿತು. ಜ್ವರ ಇಳಿದ ಬೆಳಿಗ್ಗೆ ರಟ್ಟೆ ಹಿಡಿದು ಅವನನ್ನು ಆಸ್ಪತ್ರೆಗೆ ಕರೆದೊಯ್ದಳು.

ಡಾಕ್ಟರು ಗಂಟನ್ನು ಕುಯ್ದು ತೆಗೆದು ಪರೀಕ್ಷೆಗೆ ಕಳಿಸಿದರು. ಉತ್ತರ ಬರುವವರೆಗೆ ವ್ಯಾಪಾರಿ ಗೋಡೆಯ ಕಡೆ ಮುಖ ಮಾಡಿ ಮಲಗಿದ. ಕರೆ ಬಂದ ದಿನ ಹೆಂಡತಿಯ ಭುಜ ಹಿಡಿದುಕೊಂಡು ಆಸ್ಪತ್ರೆಯ ಮೆಟ್ಟಿಲು ಹತ್ತಿದ.

"ಇದು ಜೊಲ್ಲುಗ್ರಂಥಿಯಲ್ಲಿ ಬರುವ ಜಾತಿಯ ಗಂಟು" ಎಂದರು ಡಾಕ್ಟರು. "ಸಾಮಾನ್ಯವಾಗಿ ಕಿವಿಯ ಬುಡದಲ್ಲಿ ಬರುತ್ತದೆ, ನಿಮಗೆ ಈ ಜಾಗದಲ್ಲಿ ಬಂದಿದೆ. ಅಪರೂಪ. ಆದರೆ ಕ್ಯಾನ್ಸರ್ ಅಲ್ಲ. ಪೂರ್ತಿ ತೆಗೆದಿದ್ದೇವೆ."

"ನಾನು ಮೊದಲೇ ಬಂದಿದ್ದರೆ?"

"ಮೊದಲೇ ಹೇಳುತ್ತಿದ್ದೆ."

ವ್ಯಾಪಾರಿ ಡಾಕ್ಟರ ಕೈ ಹಿಡಿದು ಮಗುವಿನಂತೆ ಅತ್ತ. ಈ ಸುದ್ದಿಯನ್ನು ಮಗಳಿಗೆ ತಾನೇ ಹೇಳಬೇಕೆಂದು ಅವತ್ತೇ ಬಸ್ಸು ಹತ್ತಿದ.

ನೀಲಾ ಕುಡಿಯಲು ನೀರು ತಂದಳು. ಅವನು ಎಲ್ಲವನ್ನೂ ಹೇಳಿದ, ಗಂಟಿನಿಂದ ಹಿಡಿದು ಡಾಕ್ಟರ ಮಾತಿನವರೆಗೆ. ಅವಳು ಲೋಟ ಹಿಡಿದುಕೊಂಡೇ ಕೇಳುತ್ತಿದ್ದಳು. ಅಷ್ಟರಲ್ಲಿ ಒಳಗೆ ಅಳಿಯ ಕೆಮ್ಮಿದ. ಬರೀ ಕೆಮ್ಮಿದ, ಅಷ್ಟೇ. ಅವಳ ಲೋಟದ ನೀರು ನೆಲಕ್ಕೆ ಚೆಲ್ಲಿತು. ತಟ್ಟನೆ ಬಗ್ಗಿ ಸೆರಗಿನಿಂದಲೇ ಒರೆಸತೊಡಗಿದಳು. ಒರೆಸುತ್ತ ಒರೆಸುತ್ತ ಒಳಬಾಗಿಲ ಕಡೆ ನೋಡುತ್ತಿದ್ದಳು. ಭಯ ಕಣ್ಣಿಗೆ ಬಂದಾಗ ಹೇಗಿರುತ್ತದೆಂದು ವ್ಯಾಪಾರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮುಂದೆ ಅವನು ಹಿರಿಯರನ್ನು ಕೂಡಿಸಿದ, ಜಗಳವಾಡಿದ, ಕಾಲಿಗೆ ಬಿದ್ದ. ಹೇಗೋ ಮಗಳನ್ನು ಮನೆಗೆ ಕರೆತಂದ. ಅಟ್ಟದಿಂದ ಪುಸ್ತಕಗಳನ್ನು ತಾನೇ ಇಳಿಸಿ ಕೊಟ್ಟ. ಅವಳು ಓದಲು ಕೂರುತ್ತಿದ್ದಳು. ಆದರೆ ಪಕ್ಕದ ಕೋಣೆಯಲ್ಲಿ ತಂದೆ ಕೆಮ್ಮಿದರೂ ಸಾಕು, ಬೆಚ್ಚಿ ಎದ್ದು ನಿಲ್ಲುತ್ತಿದ್ದಳು. ಕೆಮ್ಮು ಬಂದರೆ ಅವನು ಬಾಯಿಗೆ ಬಟ್ಟೆ ಒತ್ತಿಕೊಂಡು ಬೀದಿಗೆ ಹೋಗುವುದನ್ನು ಕಲಿತ.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು.

ಮುಪ್ಪಯ್ಯ ನಿಟ್ಟುಸಿರುಬಿಟ್ಟ. "ಸದ್ಯ, ಅವನು ಹೆದರಿದ್ದು ಸುಳ್ಳಾಯಿತಲ್ಲ, ಗುರುಗಳೇ."

"ಹೌದಪ್ಪ, ಹೆದರಿದ್ದು ಸುಳ್ಳಾಯಿತು, ಮದುವೆ ಸುಳ್ಳಾಗಲಿಲ್ಲ."